ಎಡ್ಗರ್ ಕಾಡ್‌ನ ಜೀವನ ಮತ್ತು ನನ್ನ ಪಠ್ಯಪುಸ್ತಕ

ಬಿ.ಎ. ಪದವಿಯ ಜೊತೆಗೆ ಡೇಟಾಬೇಸ್ ವಿಷಯದಲ್ಲಿ ಒಂದು ಸರ್ಟಿಫಿಕೇಟ್ ಪರೀಕ್ಷೆಯನ್ನೂ ಮುಗಿಸಿಕೊಂಡರೆ ಉದ್ಯೋಗಕ್ಕೆ ಅನುಕೂಲವಾದೀತೆಂದು ಕಳೆದ ವರ್ಷ ನಿಶ್ಚಯಿಸಿದೆನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಎಂದು ಹೇಳಬಲ್ಲ ಹಿರಿಯರು ಮನೆಯಲ್ಲಿರಲಿಲ್ಲ. ಪರೀಕ್ಷೆಯ ಶುಲ್ಕವಾದರೋ ನಮ್ಮ ಮನೆಯ ಒಂದು ತಿಂಗಳ ಖರ್ಚಿನಷ್ಟು. ಎರಡನೆಯ ಸಲ ಕಟ್ಟುವ ಮಾತೇ ಇಲ್ಲ. ಗೆಳೆಯನೊಬ್ಬನು 300 ಪ್ರಶ್ನೋತ್ತರಗಳ ಜೆರಾಕ್ಸ್ ಕಟ್ಟೊಂದನ್ನು ಕೊಟ್ಟು, ಇದನ್ನು ಬಾಯಿಪಾಠ ಮಾಡಿದರೆ ಸಾಕೆಂದನು. ಗ್ರಂಥಾಲಯದಲ್ಲಿ ದಪ್ಪನೆಯ ಪಠ್ಯಪುಸ್ತಕವೊಂದು ದೊರೆಯಿತು. ಅದರ ಮೊದಲ ಅಧ್ಯಾಯದಲ್ಲಿಯೇ ಎಡ್ಗರ್ ಕಾಡ್ ಎಂಬ ಹೆಸರನ್ನು ಕಂಡೆನು. ಇವೆರಡರಲ್ಲಿ ಯಾವುದನ್ನು ಆರಿಸಲೆಂಬ ನನ್ನ ಸಂದೇಹವನ್ನು ಪರಿಹರಿಸಿದುದು ಆ ಮಹನೀಯನ ಜೀವನ. ಅದನ್ನು ಸಂಗ್ರಹವಾಗಿ ವಾಚಕರ ಮುಂದಿಡುತ್ತೇನೆ.

ಕಾಡ್ ಜನಿಸಿದುದು 1923ರಲ್ಲಿ, ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲೆಂಡಿನಲ್ಲಿ. ಏಳು ಮಕ್ಕಳಲ್ಲಿ ಆತನೇ ಕಿರಿಯನು. ತಂದೆ ಚರ್ಮದ ಉದ್ಯಮಿ. ತಾಯಿ ಶಾಲೆಯ ಉಪಾಧ್ಯಾಯಿನಿ. ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ವ್ಯಾಸಂಗ ಮಾಡಿದನು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವಿಮಾನಚಾಲಕನಾಗಿದ್ದನು. 1948ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಸಂಸ್ಥೆಯನ್ನು ಸೇರಿದನು. ಕಮ್ಯೂನಿಸ್ಟರ ಬೇಟೆಯೆಂಬ ನೆಪದಲ್ಲಿ ಸೆನೆಟರ್ ಮೆಕಾರ್ಥಿ ಎಸಗುತ್ತಿದ್ದ ಕಿರುಕುಳಕ್ಕೆ ಬೇಸತ್ತು 1953ರಲ್ಲಿ ಕೆನಡಾಕ್ಕೆ ಹೊರಟುಹೋದನು. 1957ರಲ್ಲಿ ಮತ್ತೆ ಐಬಿಎಂಗೆ ಬಂದನು.

ಮುಂದಿನ ಸಂಗತಿ ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆಯಿತು. ಕೈಯಲ್ಲಿ ಒಳ್ಳೆಯ ಉದ್ಯೋಗವಿದ್ದರೂ, ನಾಲ್ವತ್ತರ ಆಸುಪಾಸಿನಲ್ಲಿ ಆತನು ಮರಳಿ ವಿದ್ಯಾರ್ಥಿಯಾದನು! ಮಿಚಿಗನ್ ವಿಶ್ವವಿದ್ಯಾನಿಲಯದಿಂದ 1965ರಲ್ಲಿ ಡಾಕ್ಟರೇಟ್ ಪಡೆದನು. ಅನಂತರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದ ಐಬಿಎಂ ಪ್ರಯೋಗಶಾಲೆಗೆ ಹೋದನು.

ಆ ಕಾಲದ ಗಣಕಯಂತ್ರಗಳಲ್ಲಿ ಮಾಹಿತಿಯನ್ನು ಕೊಂಬೆರೆಂಬೆಗಳಂತೆ ಒಂದಕ್ಕೊಂದು ಪೋಣಿಸಿ ಇಡುತ್ತಿದ್ದರು. ಬೇಕಾದುದನ್ನು ತೆಗೆಯಬೇಕಾದರೆ ಅದು ಎಲ್ಲಿದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದೆಲ್ಲ ಗೊತ್ತಿರಬೇಕಾಗಿತ್ತು. ಇಟ್ಟ ಕ್ರಮ ಬದಲಾದರೆ ಪ್ರೋಗ್ರಾಂಗಳನ್ನೂ ತಿದ್ದಬೇಕಾಗುತ್ತಿತ್ತು. 1970ರ ಜೂನ್ ತಿಂಗಳಲ್ಲಿ ಕಾಡ್ ಪ್ರಕಟಿಸಿದ ಕೇವಲ 11 ಪುಟಗಳ ಪ್ರಬಂಧವು ಈ ಪದ್ಧತಿಯ ಬುಡವನ್ನೇ ಅಲುಗಿಸಿತು. ಮಾಹಿತಿಯನ್ನೆಲ್ಲ ಸರಳವಾದ ಕೋಷ್ಟಕಗಳಲ್ಲಿ ಬರೆದಿಡಬೇಕು. ಬಳಸುವವನು ತನಗೇನು ಬೇಕೆಂದು ಮಾತ್ರ ಕೇಳಬೇಕು. ಹುಡುಕುವ ದಾರಿ ಯಂತ್ರಕ್ಕೆ ಸೇರಿದ್ದು. ಇದೇ ಅದರ ತಿರುಳು.

ನಮ್ಮ ಗ್ರಂಥಾಲಯವನ್ನೇ ನೋಡೋಣ. ಪುಸ್ತಕಗಳದು ಒಂದು ರಿಜಿಸ್ಟರು, ವಿದ್ಯಾರ್ಥಿಗಳದು ಇನ್ನೊಂದು, ಎರವಲು ಕೊಟ್ಟದ್ದು ಮೂರನೆಯದು. ಮೂರನೆಯದರಲ್ಲಿ ಪುಸ್ತಕದ ಸಂಖ್ಯೆ, ವಿದ್ಯಾರ್ಥಿಯ ಸಂಖ್ಯೆ, ಕೊಟ್ಟ ಮತ್ತು ಹಿಂದಿರುಗಿಸಿದ ದಿನಾಂಕಗಳಿದ್ದರೆ ಸಾಕು. ಯಾರು ಯಾವ ಪುಸ್ತಕವನ್ನು ಹಿಂದಿರುಗಿಸಿಲ್ಲವೆಂಬುದು ಮೂರನ್ನೂ ಕೂಡಿಸಿದಾಗ ತಾನಾಗಿ ಹೊರಬೀಳುತ್ತದೆ.

ಐಬಿಎಂ ಈ ವಿಚಾರವನ್ನು ಕೂಡಲೇ ಕೈಗೆತ್ತಿಕೊಳ್ಳಲಿಲ್ಲ. ಹಳೆಯ ಪದ್ಧತಿಯ ಐಎಂಎಸ್ ಎಂಬ ಸರಕು ಅದಕ್ಕೆ ಲಾಭ ತರುತ್ತಿತ್ತು. ಕೊನೆಗೆ ಅಲ್ಲಿಯೇ ಪ್ರಯೋಗ ನಡೆದು, ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ಇಂದು ಎಸ್‌ಕ್ಯೂಎಲ್ ಎನಿಸಿಕೊಂಡಿರುವ ಭಾಷೆಯನ್ನು ರೂಪಿಸಿದರು. ಬರ್ಕ್ಲಿಯಲ್ಲಿ ಇಂಗ್ರೆಸ್ ಹುಟ್ಟಿತು. 1979ರಲ್ಲಿ ಒರಾಕಲ್ ಮಾರುಕಟ್ಟೆಗೆ ಬಂದಿತು. 1981ರಲ್ಲಿ ಕಾಡ್‌ಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಹೊಸ ಪದ್ಧತಿಗೆ ಬೆಲೆ ಬಂದೊಡನೆ ಹಳೆಯ ಸರಕಿಗೆ ಹೊಸ ಹೆಸರಿನ ಚೀಟಿ ಅಂಟಿಸಿ ಮಾರುವವರು ಹುಟ್ಟಿಕೊಂಡರು. ಇದನ್ನು ಸಹಿಸದ ಕಾಡ್ 1985ರಲ್ಲಿ ಹನ್ನೆರಡು ನಿಯಮಗಳೆಂದು ಹೆಸರಾದ ಪಟ್ಟಿಯೊಂದನ್ನು ಪ್ರಕಟಿಸಿದನು. ಸೊನ್ನೆಯಿಂದ ಎಣಿಸಿದುದರಿಂದ ಅವು ನಿಜವಾಗಿ ಹದಿಮೂರು. ಯಂತ್ರಗಳಿಗೇ ಆತನು ಒಡ್ಡಿದ ಪರೀಕ್ಷೆಯದು: ಹೆಸರಿದ್ದರೆ ಸಾಲದು, ಹೆಸರಿಗೆ ತಕ್ಕ ಹುರುಳು ಒಳಗಿದೆಯೇ? 2003ರ ಏಪ್ರಿಲ್ 18ರಂದು ಫ್ಲಾರಿಡಾದಲ್ಲಿ ಆತನು ಕಾಲವಾದನು.

ಇದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಜೆರಾಕ್ಸ್ ಕಟ್ಟಿನ ನಲವತ್ತು ಉತ್ತರಗಳು ಆಗಲೇ ನನಗೆ ಬಾಯಿಗೆ ಬಂದಿದ್ದವು. ಆದರೆ ಗ್ರಂಥಾಲಯದ ಮೂರು ಕೋಷ್ಟಕಗಳನ್ನು ಯಂತ್ರದಲ್ಲಿಟ್ಟು, ಪುಸ್ತಕ ಹಿಂದಿರುಗಿಸದವರ ಹೆಸರು ಕೇಳಹೊರಟರೆ ಒಂದು ಸಾಲನ್ನೂ ಸರಿಯಾಗಿ ಬರೆಯಲಾಗಲಿಲ್ಲ. ನಾನೂ ಚೀಟಿ ಅಂಟಿಸಿಕೊಳ್ಳಲು ಹೊರಟ ಹಳೆಯ ಸರಕೇ ಆಗಿದ್ದೆನು. ಸಾಲದುದಕ್ಕೆ, ಆ ಕಟ್ಟು ಈಗ ನಡೆಯುವ ಪರೀಕ್ಷೆಯದೂ ಅಲ್ಲ, ಹಿಂದಿನ ಆವೃತ್ತಿಯದು.

ಕಟ್ಟನ್ನು ಗೆಳೆಯನಿಗೆ ಹಿಂದಿರುಗಿಸಿದೆನು. ಪರೀಕ್ಷೆ ನಡೆಸುವವರೇ ಪ್ರಕಟಿಸಿರುವ ವಿಷಯಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದೆನು. ಪಠ್ಯಪುಸ್ತಕವನ್ನು ಮೊದಲಿನಿಂದ ಓದುತ್ತಿದ್ದೇನೆ. ಓದಿದುದನ್ನು ಇಂಗ್ರೆಸ್‌ನ ವಂಶದಲ್ಲಿಯೇ ಹುಟ್ಟಿ, ಎಲ್ಲರಿಗೂ ಉಚಿತವಾಗಿ ದೊರೆಯುವ ಪೋಸ್ಟ್‌ಗ್ರೆಸ್‌ನಲ್ಲಿ ಅಂದಂದೇ ಮಾಡಿ ನೋಡುತ್ತೇನೆ. ಪರೀಕ್ಷೆಯನ್ನು ಇನ್ನೂ ಬರೆದಿಲ್ಲ. ಆದರೆ ಪುಸ್ತಕ ಹಿಂದಿರುಗಿಸದವರ ಪಟ್ಟಿಯನ್ನು ಮೊನ್ನೆ ಯಂತ್ರವು ತಪ್ಪಿಲ್ಲದೆ ಕೊಟ್ಟಿತು. ಅದರಲ್ಲಿ ಮೊದಲನೆಯ ಹೆಸರು ನನ್ನದೇ ಆಗಿದ್ದಿತು. ಆ ಪಠ್ಯಪುಸ್ತಕ ಇನ್ನೂ ನನ್ನ ಬಳಿಯೇ ಇದೆ.