ಕಥೆಯ ಬಾಗಿಲಿನಿಂದ ಚರಿತ್ರೆಯೊಳಗೆ
ಅಲೆಗ್ಸಾಂಡರ್ ಡ್ಯೂಮಾನ ಜೀವನ

ಒಂದು ದೇಶದ ಚರಿತ್ರೆಯನ್ನು ಅರಿಯಲು ದಾರಿಗಳು ಹಲವು. ಅರಸರ ಹೆಸರುಗಳನ್ನೂ ಯುದ್ಧಗಳ ಇಸವಿಗಳನ್ನೂ ಬಾಯಿಪಾಠ ಮಾಡುವುದು ಒಂದು ದಾರಿ. ಶಾಲೆ ಬಿಟ್ಟ ಮರುವರ್ಷವೇ ಅವೆಲ್ಲ ಮರೆತುಹೋಗುವುದನ್ನು ನಾವು ಬಲ್ಲೆವು. ಆ ಕಾಲದವರ ವೇಷ ತೊಟ್ಟವರಂತೆ ಕಥೆಯೊಳಗೆ ಹೊಕ್ಕು, ಅವರ ಸುಖದುಃಖಗಳಲ್ಲಿ ಪಾಲುಗೊಂಡು ಕಲಿಯುವುದು ಇನ್ನೊಂದು ದಾರಿ. ಫ್ರಾನ್ಸಿನ ಜನಸಾಮಾನ್ಯರಿಗೆ ಈ ಎರಡನೆಯ ದಾರಿಯನ್ನು ತೆರೆದುಕೊಟ್ಟವರಲ್ಲಿ ಅಲೆಗ್ಸಾಂಡರ್ ಡ್ಯೂಮಾ ಅಗ್ರಗಣ್ಯನು. ಅವನು ಪಂಡಿತನಲ್ಲ, ಕಚೇರಿಯಲ್ಲಿ ಪತ್ರಗಳನ್ನು ನಕಲು ಮಾಡುತ್ತಿದ್ದ ಗುಮಾಸ್ತನು.

ಡ್ಯೂಮಾ ಜನಿಸಿದುದು 1802ರ ಜುಲೈ 24ರಂದು, ಪ್ಯಾರಿಸಿನ ಈಶಾನ್ಯಕ್ಕಿರುವ ವಿಲೇರ್-ಕೊತ್ರೆ ಎಂಬ ಚಿಕ್ಕ ಊರಿನಲ್ಲಿ. ಅವನ ಅಜ್ಜನು ಫ್ರೆಂಚ್ ಕುಲೀನ. ಅಜ್ಜಿಯಾದರೋ ಇಂದಿನ ಹೈಟಿಯಲ್ಲಿ ಗುಲಾಮಳಾಗಿದ್ದ ಕಪ್ಪು ಹೆಂಗಸು. ತಂದೆಯು ಕ್ರಾಂತಿಯ ಸೈನ್ಯದಲ್ಲಿ ಸ್ವಂತ ಪರಾಕ್ರಮದಿಂದ ಜನರಲ್ ಪದವಿಗೇರಿದ ವೀರನು. ಇಟಲಿಯ ಸೆರೆಯಲ್ಲಿ ಆರೋಗ್ಯ ಕಳೆದುಕೊಂಡು, ನೆಪೋಲಿಯನ್ನನ ಅವಕೃಪೆಗೂ ಗುರಿಯಾಗಿ, 1806ರಲ್ಲಿ ಅವನು ತೀರಿಕೊಂಡನು. ಮಗನಿಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ವಿಧವೆಗೆ ಪಿಂಚಣಿ ದೊರೆಯಲಿಲ್ಲ. ಹುಡುಗನಿಗೆ ತಂದೆಯಿಂದ ಉಳಿದ ಆಸ್ತಿಯೆಂದರೆ ಅವನ ಸಾಹಸದ ಕಥೆಗಳು ಮಾತ್ರ.

1823ರಲ್ಲಿ ಇಪ್ಪತ್ತರ ತರುಣನು ಕೆಲಸ ಹುಡುಕುತ್ತ ಪ್ಯಾರಿಸಿಗೆ ಬಂದನು. ತಂದೆಯ ಪರಿಚಿತರ ಮನೆಬಾಗಿಲುಗಳನ್ನು ತಟ್ಟಿದನು. ಜನರಲ್ ಫುವಾ ಎಂಬಾತನು ಅವನಿಗೆ ಏನೇನು ಬರುವುದೆಂದು ವಿಚಾರಿಸಲು, ಗಣಿತವಿಲ್ಲ, ಕಾನೂನಿಲ್ಲ, ಲೆಕ್ಕಪತ್ರವೂ ಇಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. ನಾಚಿಕೆಯಿಂದ ತಲೆ ತಗ್ಗಿಸಿ ತನ್ನ ವಿಳಾಸವನ್ನು ಬರೆದುಕೊಟ್ಟನು. ಆ ಅಕ್ಷರ ಮುತ್ತಿನಂತಿತ್ತು. ಅದರ ಬಲದಿಂದಲೇ ಆರ್ಲಿಯನ್ಸ್ ಡ್ಯೂಕನ ಕಚೇರಿಯಲ್ಲಿ ವರ್ಷಕ್ಕೆ 1200 ಫ್ರಾಂಕ್ ಸಂಬಳದ ನೌಕರಿ ಸಿಕ್ಕಿತು.

ಅಲ್ಲಿ ಲಸಾಞ್ ಎಂಬ ಮೇಲಧಿಕಾರಿಯು ಅವನ ಕುಂದನ್ನು ಕಂಡು ಹೀಗಳೆಯಲಿಲ್ಲ. ಓದಬೇಕಾದ ಪುಸ್ತಕಗಳನ್ನು ಹೇಳಿಕೊಟ್ಟನು. ಫ್ರಾನ್ಸಿನ ಹಳೆಯ ವೃತ್ತಾಂತಗಳಲ್ಲಿಯೂ ಆತ್ಮಕಥೆಗಳಲ್ಲಿಯೂ ನಾಟಕಕ್ಕೆ ಬೇಕಾದುದೆಲ್ಲ ಅಡಗಿದೆಯೆಂದು ತಿಳಿಸಿದನು. ಹಗಲು ನಕಲು, ರಾತ್ರಿ ಓದು. ಒಮ್ಮೆ ಕಾಗದ ತರಲು ಪಕ್ಕದ ಕೊಠಡಿಗೆ ಹೋದಾಗ ಮೇಜಿನ ಮೇಲೆ ಚರಿತ್ರೆಯ ಗ್ರಂಥವೊಂದು ತೆರೆದುಬಿದ್ದಿತ್ತು. ಅಲ್ಲಿ ಕಂಡ ಒಂದು ಪ್ರಸಂಗದಿಂದ ಹುಟ್ಟಿದುದೇ ‘ಮೂರನೆಯ ಹೆನ್ರಿ ಮತ್ತು ಅವನ ಆಸ್ಥಾನ’ ಎಂಬ ನಾಟಕ. ಸಾಹಿತ್ಯ ಬೇಕೋ ನೌಕರಿ ಬೇಕೋ ಎಂದು ಕಚೇರಿಯವರು ಕೇಳಿದಾಗ ಸಂಬಳವನ್ನೇ ಬಿಟ್ಟು, ಹಸ್ತಪ್ರತಿಯನ್ನು ಒತ್ತೆಯಿಟ್ಟು ಸಾಲ ತಂದನು. ನಾಟಕವು 1829ರ ಫೆಬ್ರವರಿಯಲ್ಲಿ ರಂಗವೇರಿತು. ಅದಕ್ಕೆ ಸ್ವಲ್ಪ ಮುಂಚೆ ತಾಯಿಗೆ ಪಾರ್ಶ್ವವಾಯು ಬಡಿದಿತ್ತು. ಅಂಕಗಳ ನಡುವೆ ತಾಯಿಯ ಹಾಸಿಗೆಗೆ ಓಡಿ, ಮತ್ತೆ ರಂಗಮಂದಿರಕ್ಕೆ ಓಡಿ ಬರುತ್ತಿದ್ದನು. ಬೆಳಗಾಗುವಷ್ಟರಲ್ಲಿ ಗುಮಾಸ್ತನು ಪ್ರಸಿದ್ಧನಾಗಿದ್ದನು.

1844ರಲ್ಲಿ ‘ಲ ಸಿಯೆಕ್ಲ್’ ದಿನಪತ್ರಿಕೆಯಲ್ಲಿ ‘ಮೂವರು ಮಸ್ಕೆಟಿಯರರು’ ಧಾರಾವಾಹಿಯಾಗಿ ಹೊರಬಂದಿತು. ಮುಂದೆ ‘ಮಾಂಟೆ ಕ್ರಿಸ್ಟೋ ಪ್ರಭು’, ‘ರಾಣಿ ಮಾರ್ಗೋ’ ಮೊದಲಾದವು ಬಂದವು. 1572ರ ಸಂತ ಬಾರ್ತಲೋಮಿಯೋ ದಿನದ ಕಗ್ಗೊಲೆಯಿಂದ ಹಿಡಿದು ಮಹಾಕ್ರಾಂತಿಯವರೆಗೆ ಫ್ರಾನ್ಸಿನ ಕಥೆಯನ್ನು ಅವನ ಓದುಗರು ಅನುಭವಿಸಿದರು. 1847ರಲ್ಲಿ ಪ್ಯಾರಿಸಿನಲ್ಲಿ ‘ಐತಿಹಾಸಿಕ ರಂಗಮಂದಿರ’ವನ್ನು ತೆರೆದನು. ಮೊದಲ ದಿನದ ‘ರಾಣಿ ಮಾರ್ಗೋ’ ನಾಟಕ ಸಂಜೆ ಆರಕ್ಕೆ ಆರಂಭವಾಗಿ ಮುಗಿದಾಗ ಬೆಳಗಿನ ಜಾವ ಮೂರು ಗಂಟೆ! ರಾತ್ರಿಯಿಡೀ ಬಯಲಾಟ ನೋಡಿದ ನಮ್ಮವರಿಗೆ ಆ ಜನರ ಸಂಭ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಕಥೆಗಾಗಿ ಅವನು ಚರಿತ್ರೆಯನ್ನು ತಿದ್ದುತ್ತಿದ್ದನು. ದಾರ್ತಾಞನ್ ನಿಜವಾಗಿ ಬದುಕಿದ್ದ ಸೈನಿಕ. 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಮಡಿದನು. ಆದರೆ 1627ರ ಲಾ ರೊಷೆಲ್ ಮುತ್ತಿಗೆಯಲ್ಲಿ ಕಾದಂಬರಿಯು ಅವನನ್ನು ಕಾದಾಡಿಸುವಾಗ ಆತನಿನ್ನೂ ಹುಡುಗ. ಕಾದಂಬರಿಗಳ ರಚನೆಯಲ್ಲಿ ಡ್ಯೂಮಾನೊಡನೆ ದುಡಿದವನು ಚರಿತ್ರೆಯ ಉಪಾಧ್ಯಾಯನಾಗಿದ್ದ ಓಗ್ಯುಸ್ತ್ ಮಾಕೆ. ಅವನ ಹೆಸರು ಪುಸ್ತಕಗಳ ಮೇಲೆ ಅಚ್ಚಾಗಲಿಲ್ಲ. ನ್ಯಾಯಾಲಯಕ್ಕೆ ಹೋದಾಗ ಹಣದಲ್ಲಿ ಪಾಲು ಸಿಕ್ಕಿತು, ಹೆಸರಿನಲ್ಲಿ ಸಿಗಲಿಲ್ಲ.

ಡ್ಯೂಮಾನೂ ಅವಮಾನ ಉಣ್ಣದೆ ಇರಲಿಲ್ಲ. 1845ರಲ್ಲಿ ಒಬ್ಬನು ಅವನ ಮೈಬಣ್ಣವನ್ನೂ ವಂಶವನ್ನೂ ಹಳಿದು ಪುಸ್ತಿಕೆಯನ್ನೇ ಅಚ್ಚುಹಾಕಿಸಿ ಶಿಕ್ಷೆಗೊಳಗಾದನು. ಗಳಿಸಿದ ಹಣ ಕೈಯಲ್ಲಿ ನಿಲ್ಲಲಿಲ್ಲ. ಕಟ್ಟಿಸಿದ ಸೌಧ ಮಾರಾಟವಾಯಿತು, ರಂಗಮಂದಿರ ಮುಚ್ಚಿತು. 1851ರಲ್ಲಿ ಸಾಲಗಾರರ ಕಾಟ ತಾಳಲಾರದೆ ಬ್ರಸೆಲ್ಸಿಗೆ ಹೋದನು. 1860ರಲ್ಲಿ ಇಟಲಿಯ ಗ್ಯಾರಿಬಾಲ್ಡಿಯನ್ನು ಕೂಡಿಕೊಂಡು ನೇಪಲ್ಸಿನಲ್ಲಿ ಪತ್ರಿಕೆ ನಡೆಸಿದನು. ಹೋಟೆಲಿನಲ್ಲಿ ದುಡಿಯುವ ವಾಚಕರು ಕೇಳಿ: ಅವನು ಒಲೆಯ ಮುಂದೆಯೂ ನಿಪುಣನು. ಅವನ ಬೃಹತ್ ಪಾಕಶಾಸ್ತ್ರ ನಿಘಂಟು ಮರಣಾನಂತರ 1873ರಲ್ಲಿ ಪ್ರಕಟವಾಯಿತು. ಸಾವಿರಾರು ಜನರಿಗೆ ಚರಿತ್ರೆ ಉಣಬಡಿಸಿದ ಕೈ ಅಡುಗೆಯನ್ನೂ ಕೀಳೆಂದು ಎಣಿಸಲಿಲ್ಲ.

1870ರ ಡಿಸೆಂಬರ್ 5ರಂದು, ಸಮುದ್ರತೀರದಲ್ಲಿದ್ದ ಮಗನ ಮನೆಯಲ್ಲಿ ಅವನು ಕಣ್ಣುಮುಚ್ಚಿದನು. ಫ್ರಾನ್ಸು ತನ್ನ ಮಹಾಪುರುಷರನ್ನು ಇರಿಸುವ ಪ್ಯಾರಿಸಿನ ಪಾಂತೆಯೋನ್ ಮಂದಿರಕ್ಕೆ ಗುಲಾಮಳ ಮೊಮ್ಮಗನನ್ನು ಕರೆತರಲು 2002ರವರೆಗೆ ಕಾಯಬೇಕಾಯಿತು. ಆ ವರ್ಷದ ನವೆಂಬರ್ 30ರಂದು ಅವನ ಶವಪೆಟ್ಟಿಗೆಯೊಡನೆ ಮಸ್ಕೆಟಿಯರರ ವೇಷ ತೊಟ್ಟ ಸವಾರರು ನಡೆದರು. ಇಂದಿಗೂ ಮಾರ್ಸೇಲ್ಸಿನ ಬಳಿಯ ಶಾತೋ ದಿಫ್ ದುರ್ಗಕ್ಕೆ ಹೋದವರು, ಎಂದೂ ಬದುಕಿರದ ಎದ್ಮೋಂ ದಾಂತೇಸನ ಸೆರೆಕೋಣೆಯನ್ನು ನೋಡಿ ಬರುತ್ತಾರೆ.

ಕಥೆಯನ್ನೇ ಪೂರ್ತಿ ಚರಿತ್ರೆಯೆಂದು ನಂಬಬಾರದು. ನಿಜವೇನೆಂದು ಗ್ರಂಥಗಳಲ್ಲಿ ಹುಡುಕಬೇಕು. ಆದರೆ ಹುಡುಕುವ ಹಸಿವನ್ನು ಹುಟ್ಟಿಸುವುದು ಕಥೆಯೇ. ಏನೂ ಬಾರದೆಂದು ತಲೆ ತಗ್ಗಿಸಿದ ಗುಮಾಸ್ತನು ಒಂದು ರಾಷ್ಟ್ರಕ್ಕೆ ಅದರ ಪೂರ್ವಕಥೆಯನ್ನು ಕಲಿಸಿದನು. ಕೆಲಸ ಮುಗಿದ ಮೇಲಿನ ರಾತ್ರಿಯ ಒಂದು ಗಂಟೆ ನಮ್ಮೆಲ್ಲರಿಗೂ ಇದೆ.