ಜಡಾನಿಲಗಳ ಜನಕ ಸರ್ ವಿಲಿಯಂ ರಾಮ್ಸೆ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಕೋಳಿ ಕೂಗುವ ಮುನ್ನವೇ ಮಾಲು ಇಳಿಸುವ ನಮ್ಮ ಹಮಾಲ ಬಂಧುಗಳು ಬಹುಕಾಲ ಬುರುಡೆ ದೀಪಗಳ ಬೆಳಕಿನಲ್ಲಿ ದುಡಿದವರು. ಆ ದೀಪಗಳ ತಂತಿ ಬೇಗ ಸವೆಯದಂತೆ ಕಾಯುತ್ತಿದ್ದುದು ಆರ್ಗಾನ್ ಎಂಬ ಅನಿಲ. ಅದನ್ನೂ ಅದರ ಬಳಗವನ್ನೂ ಜಗತ್ತಿಗೆ ತೋರಿಸಿಕೊಟ್ಟ ಮಹನೀಯರಲ್ಲಿ ಅಗ್ರಗಣ್ಯರು ಸರ್ ವಿಲಿಯಂ ರಾಮ್ಸೆ. ಕನ್ನಡಿಗರಾದ ನಾವು ಅವರನ್ನು ನೆನೆಯಲು ಇನ್ನೊಂದು ಕಾರಣವೂ ಉಂಟು.

ರಾಮ್ಸೆಯವರು 1852ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ಜರ್ಮನಿಯಲ್ಲಿ ವ್ಯಾಸಂಗ ಮಾಡಿ, ಬ್ರಿಸ್ಟಲ್ಲಿನಲ್ಲಿ ಪಾಠ ಹೇಳಿ, 1887ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು. ಗಾಳಿಯಿಂದ ಪಡೆದ ಸಾರಜನಕವು ರಾಸಾಯನಿಕ ವಸ್ತುಗಳಿಂದ ಪಡೆದುದಕ್ಕಿಂತ ತುಸು ಹೆಚ್ಚು ತೂಗುವುದನ್ನು ಲಾರ್ಡ್ ರ್ಯಾಲೆ ಕಂಡಿದ್ದರು. ರಾಮ್ಸೆಯವರು ಆ ಅನಿಲವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿ ಸಾರಜನಕವನ್ನೆಲ್ಲ ಹೀರಿಸಿದರು. ಉಳಿದ ಅನಿಲವು ಯಾವುದರೊಡನೆಯೂ ಕೂಡಲೊಲ್ಲದು. 1894ರಲ್ಲಿ ಇಬ್ಬರೂ ಅದನ್ನು ಪ್ರಕಟಿಸಿದರು. ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂಬ ಅರ್ಥ ಕೊಡುವ ಮಾತಿನಿಂದ ಆರ್ಗಾನ್ ಎಂಬ ಹೆಸರು ಬಂದಿತು. 1868ರಿಂದ ಸೂರ್ಯನ ಬೆಳಕಿನಲ್ಲಷ್ಟೇ ಸುಳಿವು ಸಿಕ್ಕಿದ್ದ ಹೀಲಿಯಮನ್ನು ರಾಮ್ಸೆಯವರು 1895ರಲ್ಲಿ ಯುರೇನಿಯಂ ಅದಿರಿನಿಂದ ಹೊರತೆಗೆದರು. 1898ರಲ್ಲಿ ಶಿಷ್ಯಸಮಾನರಾದ ಮಾರಿಸ್ ಟ್ರ್ಯಾವರ್ಸ್ ಅವರೊಡನೆ ದ್ರವವಾಗಿಸಿದ ಗಾಳಿಯಿಂದ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಬೇರ್ಪಡಿಸಿದರು. 1904ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಅದಕ್ಕೆ ಮುನ್ನವೇ ಅವರು ನಮ್ಮ ನಾಡಿಗೆ ಬಂದು ಹೋಗಿದ್ದರು. ಜಮ್ಷೆಟ್‌ಜೀ ಟಾಟಾ ಅವರು ಯೋಜಿಸಿದ್ದ ವಿಜ್ಞಾನ ವಿದ್ಯಾಲಯಕ್ಕೆ ತಕ್ಕ ಸ್ಥಳವನ್ನು ಸೂಚಿಸಲೆಂದು 1900ರಲ್ಲಿ ಭಾರತಕ್ಕೆ ಬಂದು, ಊರೂರು ಸುತ್ತಿ, ಬೆಂಗಳೂರನ್ನು ಆರಿಸಿದರು. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನಿತ್ತಿತು. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ಅದರ ಪ್ರಥಮ ನಿರ್ದೇಶಕರು ಅದೇ ಟ್ರ್ಯಾವರ್ಸ್.

ಇನ್ನು ಈ ಸೋಮಾರಿ ಅನಿಲಗಳು ಮನುಷ್ಯನ ಮೇಲೆ ನಡೆಸುವ ಆಟವನ್ನು ನೋಡೋಣ. ಹೀಲಿಯಂ ತುಂಬಿದ ಗಂಟಲಿನಲ್ಲಿ ಧ್ವನಿ ಕೀರಲಾಗುತ್ತದೆ. ಯಾವುದರೊಡನೆಯೂ ಸುಲಭವಾಗಿ ಕೂಡದ ಕ್ಸೆನಾನ್ ಮನುಷ್ಯನಿಗೆ ಅರಿವಳಿಕೆಯಾಗಬಲ್ಲುದೆಂದು 1951ರಲ್ಲಿ ಅಮೆರಿಕದ ವೈದ್ಯರಾದ ಕಲನ್ ಮತ್ತು ಗ್ರಾಸ್ ಶಸ್ತ್ರಚಿಕಿತ್ಸೆಯ ವೇಳೆ ತೋರಿಸಿದರು. 2025ರಲ್ಲಿ ನಾಲ್ವರು ಬ್ರಿಟಿಷ್ ಆರೋಹಿಗಳು ಇದೇ ಅನಿಲವನ್ನು ಮೊದಲೇ ಸೇವಿಸಿ ಎವರೆಸ್ಟ್ ಏರಿದಾಗ ಪರ್ವತಾರೋಹಣ ವಲಯದಲ್ಲಿ ದೊಡ್ಡ ವಿವಾದವೆದ್ದಿತು.

ಈ ಬಳಗದಲ್ಲಿ ಸೌಮ್ಯ ಸ್ವಭಾವವಿಲ್ಲದುದು ರೇಡಿಯಂನಿಂದ ಹೊರಡುವ ರೇಡಾನ್. ಅದರಿಂದ ಹೀಲಿಯಂ ಹುಟ್ಟುವುದನ್ನು ರಾಮ್ಸೆ ಮತ್ತು ಸಾಡಿ 1903ರಲ್ಲಿ ಕಂಡರು; 1910ರಲ್ಲಿ ರಾಮ್ಸೆ ಮತ್ತು ಗ್ರೇ ಅತ್ಯಲ್ಪ ಪ್ರಮಾಣದ ಆ ಅನಿಲವನ್ನೇ ತೂಗಿದರು. ರೇಡಿಯಂ ಬೆರೆತ ನೀರು ಆರೋಗ್ಯಕ್ಕೆ ಹಿತವೆಂದು ಜನ ಹಣ ತೆತ್ತು ಕುಡಿಯುತ್ತಿದ್ದ ಕಾಲವದು. ಶ್ವಾಸಕೋಶದ ಅರ್ಬುದಕ್ಕೆ ರೇಡಾನ್ ಕಾರಣವಾಗುವುದೆಂದು ಇಂದು ಸಿದ್ಧವಾಗಿದೆ. ರಾಮ್ಸೆಯವರು 1916ರ ಜುಲೈ 23ರಂದು ಮೂಗಿನ ಅರ್ಬುದದಿಂದ ತೀರಿಕೊಂಡರು. ಪ್ರಯೋಗಶಾಲೆಯ ವಿಕಿರಣವೇ ಅದಕ್ಕೆ ಕಾರಣವಿರಬಹುದೆಂಬ ಶಂಕೆಯುಂಟು. ಅದು ಸಿದ್ಧವಾದ ಮಾತಲ್ಲ.

ಸೋಮಾರಿಯೆಂದ ಮಾತ್ರಕ್ಕೆ ಯಾವ ಅನಿಲವೂ ನಿರುಪದ್ರವಿಯಲ್ಲವೆಂಬುದೇ ಈ ಜೀವನದಿಂದ ನಾವು ಕಲಿಯತಕ್ಕ ಪಾಠ. ಇಂದು ಉಕ್ಕು ಬೆಸೆಯುವ ಕಾರ್ಖಾನೆಗಳಲ್ಲಿ ಆರ್ಗಾನ್ ಸಿಲಿಂಡರುಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಅದು ಸೋರಿದರೆ ಆಮ್ಲಜನಕ ಕಡಿಮೆಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರು ಕಟ್ಟಿದ ಸೂಚನೆಯೂ ಇಲ್ಲದೆ ಮನುಷ್ಯ ಕುಸಿಯುತ್ತಾನೆ. ಎತ್ತಲು ಒಳಗೆ ಧಾವಿಸಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ. ಆದುದರಿಂದ ಇಂಥಲ್ಲಿ ದುಡಿಯುವ ನಮ್ಮ ತರುಣರು ಕೆಲಸಕ್ಕೆ ಕೈಯಿಡುವ ಮುನ್ನ ಗಾಳಿಯಾಡುವ ಏರ್ಪಾಡು ಮಾಡಿಕೊಳ್ಳಲಿ, ಕೆಲಸ ಮುಗಿದೊಡನೆ ಸಿಲಿಂಡರಿನ ಬಾಯಿ ಬಿಗಿಯಲಿ ಎಂದು ಆಶಿಸುತ್ತೇವೆ.