ಗಡಿನಾಡಿನ ಅಕ್ಷರತಾಯಿ ಜಯದೇವಿತಾಯಿ ಲಿಗಾಡೆ

ನಮ್ಮ ಶಾಲೆಯ ಮಕ್ಕಳಿಗೆ ಸೊಲ್ಲಾಪುರ ಹೊಸ ಊರಲ್ಲ. ದುಧನಿಯಲ್ಲಿ ರೈಲು ಹತ್ತಿದರೆ ಅಕ್ಕಲಕೋಟ ರೋಡ್ ದಾಟಿ ಸೊಲ್ಲಾಪುರ. ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ, ಎತ್ತರದ ನಂದಿಕೋಲುಗಳು, ಕೆರೆಯ ನಡುವಿನ ಗುಡಿ, ಬರುವಾಗ ಒಂದು ಚಾದರ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಅದೇ ಊರಿನಲ್ಲಿ ಹುಟ್ಟಿ, ಶಾಲೆಯಲ್ಲಿ ಒಂದು ದಿನವೂ ಕನ್ನಡ ಕಲಿಯದೆ, ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಮಹಿಳೆಯೊಬ್ಬರಿದ್ದರೆಂಬುದು ಎಷ್ಟು ಜನರಿಗೆ ಗೊತ್ತಿದೆ? ಕಳೆದ ವರ್ಷ ಹತ್ತನೆಯ ಇಯತ್ತೆಯಲ್ಲಿ ನಾವು ಈ ಪ್ರಶ್ನೆ ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ತಪ್ಪು ಮಕ್ಕಳದಲ್ಲ, ಹೇಳಬೇಕಾಗಿದ್ದ ನಮ್ಮದು. ಆದುದರಿಂದ ಈ ವರ್ಷದ ಸಂಚಿಕೆಗೆ ಜಯದೇವಿತಾಯಿ ಲಿಗಾಡೆಯವರ ಜೀವನವನ್ನು ಆರಿಸಿಕೊಂಡಿದ್ದೇವೆ.

ಜಯದೇವಿಯವರು 1912ರ ಜೂನ್ 23ರಂದು ಸೊಲ್ಲಾಪುರದ ಮಡಕಿ ಮನೆತನದಲ್ಲಿ ಜನಿಸಿದರು. ತಂದೆ ಚೆನ್ನಬಸಪ್ಪ, ತಾಯಿ ಸಂಗವ್ವ. ಮನೆ ಅನುಕೂಲಸ್ಥರದು, ದೈವಭಕ್ತರದು. ಮನೆಯ ಮಾತು ಕನ್ನಡ. ಆದರೆ ಹುಡುಗಿ ಶಾಲೆಗೆ ಹೋದಾಗ ಅಲ್ಲಿದ್ದುದು ಮರಾಠಿ. ಅಂದಿನ ಸೊಲ್ಲಾಪುರ ಹತ್ತಿ ಗಿರಣಿಗಳ ಊರು. ಓಣಿಯಲ್ಲಿ ಕನ್ನಡ, ಮಗ್ಗದ ಕೇರಿಯಲ್ಲಿ ತೆಲುಗು, ಪೇಟೆಯಲ್ಲಿ ಮರಾಠಿ, ಉರ್ದು ಎಲ್ಲವೂ ನಡೆಯುತ್ತಿದ್ದವು. ಕಚೇರಿಯ ಕಾಗದಪತ್ರ ಮತ್ತು ಶಾಲೆಯ ಪಾಠ ಮಾತ್ರ ಮರಾಠಿಯಲ್ಲಿ. ಮನೆಯಲ್ಲಿ ಅವ್ವ ಎಂದು ಕರೆದ ಮಗು ಬರೆಯಲು ಕುಳಿತರೆ ಆಯಿ ಎಂದು ಬರೆಯಬೇಕಾಗಿತ್ತು. ಹಾಗೆ ಅಕ್ಷರ ಕಲಿತವರಲ್ಲಿ ಜಯದೇವಿಯವರೂ ಒಬ್ಬರು.

ಇದರಲ್ಲೇನು ಕಷ್ಟ, ಮಕ್ಕಳು ಯಾವ ಭಾಷೆಯನ್ನಾದರೂ ಬೇಗ ಹಿಡಿಯುತ್ತಾರಲ್ಲ ಎಂದು ಪಾಲಕರು ಕೇಳಬಹುದು. ನಾವೂ ಎರಡು ಭಾಷೆಗಳ ಶಾಲೆಗಳಲ್ಲಿ ಕಲಿತವರೇ. ಎರಡನೆಯ ಭಾಷೆ ನಮಗೆ ಲಾಭವನ್ನೇ ಮಾಡಿದೆ. ಆದರೆ ಮೊದಲ ಇಯತ್ತೆಯ ಮಗುವಿನ ಕಷ್ಟ ಬೇರೆ. ಬೇರೀಜು, ವಜಾಬಾಕಿ ಎಂಬ ಮಾತುಗಳು ನಮ್ಮ ಕಡೆ ಎರಡು ಭಾಷೆಗಳಲ್ಲಿಯೂ ಒಂದೇ. ತೊಡಕು ಬರುವುದು ಲೆಕ್ಕದ ವಾಕ್ಯದಲ್ಲಿ. ಬುಟ್ಟಿಯಲ್ಲಿ ಹತ್ತು ರೊಟ್ಟಿ ಇದ್ದವು, ನಾಲ್ಕು ತಿಂದರೆ ಎಷ್ಟು ಉಳಿದವು ಎಂದರೆ ಮಗು ಬೆರಳು ಮಡಿಚಿ ಆರು ಎನ್ನುತ್ತದೆ. ಅದೇ ಪ್ರಶ್ನೆಯನ್ನು ಮನೆಯಲ್ಲಿ ಕೇಳದ ಮಾತಿನಲ್ಲಿ ಕೇಳಿದರೆ ಸುಮ್ಮನೆ ಗುರುಗಳ ಮುಖ ನೋಡುತ್ತದೆ. ಗುರುಗಳು ದಡ್ಡನೆಂದು ತಿಳಿಯುತ್ತಾರೆ. ನಾಲ್ಕಾರು ಸಲ ಹೀಗಾದ ಮೇಲೆ ಮಗುವೂ ಹಾಗೆಯೇ ತಿಳಿಯುತ್ತದೆ. ಗಿರಣಿ ಕೂಲಿಯವರ, ಹೊಲದ ಆಳುಗಳ ಮನೆಯಲ್ಲಿ ಅಂಥ ಮಗು ಮುಂದೆ ಶಾಲೆಗೆ ಹೋಗುವುದಿಲ್ಲ. ದುಡಿಯಲು ಹೋಗುತ್ತದೆ.

ಜಯದೇವಿಯವರು ದಡ್ಡರೆನ್ನಿಸಿಕೊಳ್ಳಲಿಲ್ಲ, ಮರಾಠಿಯನ್ನು ಚೆನ್ನಾಗಿಯೇ ಕಲಿತರು. ಆ ಕಾಲದ ರೂಢಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಗಿ ಚೆನ್ನಮಲ್ಲಪ್ಪ ಲಿಗಾಡೆಯವರ ಮನೆ ಸೇರಿದರು. ಶಾಲೆಯ ಓದು ಅಲ್ಲಿಗೆ ಮುಗಿಯಿತು. ಬಹುಪಾಲು ಹೆಣ್ಣುಮಕ್ಕಳಿಗೆ ಓದೇ ಅಲ್ಲಿಗೆ ಮುಗಿಯುತ್ತಿತ್ತು, ಇವರಿಗೆ ಮುಗಿಯಲಿಲ್ಲ. ಮನೆವಾರ್ತೆಯ ನಡುವೆ ಕನ್ನಡ ಅಕ್ಷರಗಳನ್ನು ತಾವೇ ಕಲಿತುಕೊಂಡರು. ಬಸವಣ್ಣ, ಅಕ್ಕಮಹಾದೇವಿ, ಸೊನ್ನಲಿಗೆಯ ಸಿದ್ಧರಾಮ ಇವರ ವಚನಗಳನ್ನು ಓದಿದರು, ಕೊನೆಗೆ ಬರೆಯಲೂ ತೊಡಗಿದರು.

ಹೀಗೆ ಕಲಿತವರು ತಮ್ಮಷ್ಟಕ್ಕೆ ಸುಖವಾಗಿರಬಹುದಾಗಿತ್ತು. ಹಾಗೆ ಇರಲಾರದೆ ಹೋದುದೇ ಅವರ ಹಿರಿಮೆ. ತಮಗೆ ಸಿಗದ ಶಾಲೆ ಓಣಿಯ ಮಕ್ಕಳಿಗಾದರೂ ಸಿಗಲೆಂದು ಸೊಲ್ಲಾಪುರದಲ್ಲಿ ಸ್ವಂತ ಖರ್ಚಿನಿಂದ ಕನ್ನಡ ಶಾಲೆಗಳನ್ನು ತೆರೆದರು. ವಯಸ್ಕರಿಗೆ, ವಿಶೇಷವಾಗಿ ಹೆಂಗಸರಿಗೆ, ಅಕ್ಷರ ಕಲಿಸುವ ಕೆಲಸಕ್ಕೂ ಕೈಹಾಕಿದರು. ಸ್ವಂತ ಖರ್ಚು ಎಂದು ಬರೆಯುವುದು ಸುಲಭ. ಜಾಗದ ಬಾಡಿಗೆ, ಗುರುಗಳ ತಿಂಗಳ ಪಗಾರ, ಪಾಟಿ, ಬಳಪ, ಪುಸ್ತಕ ಇವು ಒಂದು ಸಲ ಕೊಟ್ಟು ಕೈತೊಳೆದುಕೊಳ್ಳುವ ದಾನವಲ್ಲ. ತಿಂಗಳು ತಿಂಗಳು ಬರುವ ಖರ್ಚು. ಅದಕ್ಕಿಂತ ಕಷ್ಟದ್ದೆಂದರೆ ಮಕ್ಕಳನ್ನು ಕರೆತರುವುದು. ಕನ್ನಡ ಕಲಿತು ಹೊಟ್ಟೆ ತುಂಬುತ್ತದೆಯೇ ಎಂಬ ಮಾತು ಇಂದಿನದಲ್ಲ, ಅಂದೂ ಇತ್ತು.

ಇಲ್ಲಿ ಇನ್ನೊಬ್ಬರ ನೆನಪು ಬರುತ್ತದೆ. ಕಳೆದ ಶತಮಾನಕ್ಕೂ ಹಿಂದೆ ಧಾರವಾಡ, ಬೆಳಗಾವಿ ಭಾಗದ ಶಾಲೆಗಳಲ್ಲಿಯೂ ಮರಾಠಿಯೇ ನಡೆಯುತ್ತಿತ್ತು. ಅಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿದವರು 1881ರಲ್ಲಿ ತೀರಿಕೊಂಡ ಡೆಪ್ಯುಟಿ ಚನ್ನಬಸಪ್ಪನವರು. ಅವರು ಮಹಾನುಭಾವರು, ಸಂಶಯವಿಲ್ಲ. ಆದರೆ ಹೆಸರಿನ ಹಿಂದಿರುವ ಡೆಪ್ಯುಟಿ ಎಂಬ ಪದವಿ ನೋಡಿರಿ: ಅವರು ಶಿಕ್ಷಣ ಖಾತೆಯ ಅಧಿಕಾರಿಗಳು, ಕೈಯಲ್ಲಿ ಸರಕಾರದ ಹುಕುಮಿತ್ತು. ಜಯದೇವಿತಾಯಿಯವರ ಕೈಯಲ್ಲಿ ಯಾವ ಹುಕುಮೂ ಇರಲಿಲ್ಲ. ಅವರು ಶಿಕ್ಷಕಿಯ ತರಬೇತಿ ಪಡೆದವರಲ್ಲ, ಕಾಲೇಜು ಕಂಡವರಲ್ಲ. ನಮ್ಮಂಥ ತರಬೇತಾದ ಶಿಕ್ಷಕರು ಇದನ್ನು ಬರೆಯುವಾಗ ಸ್ವಲ್ಪ ನಾಚಬೇಕಾಗುತ್ತದೆ.

ಅವರ ಸಾಹಿತ್ಯವೂ ಈ ಕೆಲಸದಿಂದ ದೂರವಾದುದಲ್ಲ. ಅವರ ದೊಡ್ಡ ಕೃತಿ ಸಿದ್ಧರಾಮ ಪುರಾಣ. ಹನ್ನೆರಡನೆಯ ಶತಮಾನದ ಸಿದ್ಧರಾಮನು ಸೊಲ್ಲಾಪುರದಲ್ಲಿ ಗುಡಿ ಕಟ್ಟಿಸಿ, ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸಿದ ಶರಣ. ಅವನ ಕಥೆಯನ್ನು ರಾಘವಾಂಕ ಕವಿ ಬಹು ಹಿಂದೆಯೇ ಷಟ್ಪದಿಯಲ್ಲಿ ಬರೆದಿದ್ದಾನೆ. ಅದು ಪಂಡಿತರು ಅರ್ಥ ಹೇಳಬೇಕಾದ ಕಾವ್ಯ. ಜಯದೇವಿತಾಯಿಯವರು ಆರಿಸಿಕೊಂಡದ್ದು ತ್ರಿಪದಿಯನ್ನು. ತ್ರಿಪದಿ ಎಂದರೆ ನಮ್ಮ ಅಜ್ಜಿಯರು ಬೆಳಗಿನ ಜಾವ ಜೋಳ ಬೀಸುವಾಗ ಹಾಡುತ್ತಿದ್ದ ಮೂರು ಸಾಲಿನ ಪದ. ಕಲ್ಲಿನ ಗೂಟ ಹಿಡಿದು ತಿರುವುವ ಲಯವೇ ಅದರ ಲಯ. ಓದುಬರಹ ಬಾರದ ಹೆಂಗಸರಿಗೂ ಅದು ಬಾಯಿಪಾಠ. ಅಂಥ ನಾಲ್ಕು ಸಾವಿರಕ್ಕೂ ಹೆಚ್ಚು ತ್ರಿಪದಿಗಳಲ್ಲಿ ಅವರು ಪುರಾಣವನ್ನು ಬರೆದರು. ಕಲಿಯುವವರಿಗೆ ಮೊದಲೇ ಗೊತ್ತಿರುವುದರಿಂದ ಪಾಠ ಆರಂಭಿಸಬೇಕೆಂದು ನಮಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಅವರು ಯಾರಿಂದಲೂ ಹೇಳಿಸಿಕೊಳ್ಳದೆ ಅದನ್ನೇ ಮಾಡಿದರು. ಅವರ ಇನ್ನೊಂದು ಪುಸ್ತಕದ ಹೆಸರೇ ತಾಯಿಯ ಪದಗಳು.

ಮರಾಠಿಯ ಮೇಲೆ ಅವರಿಗೆ ದ್ವೇಷವಿತ್ತೆಂದು ಯಾರೂ ತಿಳಿಯಬಾರದು. ಬಾಲ್ಯದಲ್ಲಿ ಕಲಿತ ಆ ಭಾಷೆಯಲ್ಲಿ ಅವರು ಪುಸ್ತಕಗಳನ್ನೇ ಬರೆದರು. ಶರಣರ ಮಾತನ್ನು ಮರಾಠಿ ಓದುಗರಿಗೆ ಮುಟ್ಟಿಸಿದರು. ಎರಡು ಭಾಷೆ ಬಲ್ಲವರು ಎರಡೂ ಮನೆಗೆ ಬೇಕಾದವರು.

ಕರ್ನಾಟಕ ಏಕೀಕರಣಕ್ಕಾಗಿಯೂ ಅವರು ದುಡಿದರು. 1950ರಲ್ಲಿ ಅವರ ಊರಿನಲ್ಲಿಯೇ ಎಂ.ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಸೊಲ್ಲಾಪುರ ಅದರ ಹೊರಗುಳಿಯಿತು. ಅವರಿಗಾದ ನೋವು ಸಣ್ಣದಲ್ಲ. ಆ ವಾದವಿವಾದ ಶಾಲೆಯ ಸಂಚಿಕೆಗೆ ಸೇರಿದ್ದಲ್ಲವಾದುದರಿಂದ ಅದನ್ನು ಇಲ್ಲಿಗೇ ಬಿಡುತ್ತೇವೆ.

1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಜಯದೇವಿತಾಯಿಯವರು ಅಧ್ಯಕ್ಷರಾದರು. ಸಮ್ಮೇಳನಗಳು ಆರಂಭವಾದುದು 1915ರಲ್ಲಿ. ಅಲ್ಲಿಂದ ಒಬ್ಬ ಮಹಿಳೆ ಆ ಪೀಠದಲ್ಲಿ ಕುಳಿತುಕೊಳ್ಳಲು 59 ವರ್ಷ ಬೇಕಾಯಿತು. ಕುಳಿತವರು ಬೆಂಗಳೂರು, ಮೈಸೂರುಗಳ ಪದವೀಧರೆಯಲ್ಲ, ಗಡಿಯಾಚೆಯ ನಮ್ಮ ಜಿಲ್ಲೆಯವರು. ಇನ್ನೊಬ್ಬ ಮಹಿಳೆಗೆ ಆ ಗೌರವ ದೊರೆತದ್ದು 2000ದಲ್ಲಿ, ಶಾಂತಾದೇವಿ ಮಾಳವಾಡರಿಗೆ. ಹೆಣ್ಣುಮಕ್ಕಳು ಈ ಲೆಕ್ಕವನ್ನು ನೆನಪಿಡಲಿ.

ಇಂದು ನಮ್ಮ ಮಕ್ಕಳಿಗೆ ಅವರ ಕಾಲದ ಬಡತನವಿಲ್ಲ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಹತ್ತನೆಯ ಇಯತ್ತೆಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಮರಾಠಿಯನ್ನೂ ಇಂಗ್ಲಿಷನ್ನೂ ನಾವು ಕಲಿಸುತ್ತೇವೆ. ಆದರೂ ಜೂನ್ ತಿಂಗಳು ಬಂತೆಂದರೆ ನಮಗೆ ಎದೆ ಡವಗುಟ್ಟುತ್ತದೆ. ಈ ವರ್ಷ ಐದನೆಯ ಇಯತ್ತೆಗೆ ಎಷ್ಟು ಮಕ್ಕಳು ಬರುತ್ತಾರೆ? ಗಾಡಿ ಮನೆಯ ಬಾಗಿಲಿಗೇ ಬಂದು ಕರೆದೊಯ್ಯುವ ಶಾಲೆಗಳ ಕಡೆ ಎಷ್ಟು ಮಕ್ಕಳು ಹೋಗುತ್ತಾರೆ? ಪಾಲಕರನ್ನು ನಾವು ದೂರುವುದಿಲ್ಲ. ಮಗುವಿಗೆ ಒಳ್ಳೆಯದಾಗಲೆಂದೇ ಅವರೂ ಯೋಚಿಸುತ್ತಾರೆ. ಮಗು ರಾತ್ರಿ ಮನೆಯಲ್ಲಿ ಪಾಠ ಓದುವಾಗ ಪಕ್ಕದಲ್ಲಿ ಕುಳಿತ ಅವ್ವನಿಗೆ ಅದರಲ್ಲಿ ನಾಲ್ಕು ಮಾತಾದರೂ ತಿಳಿಯುತ್ತವೆಯೇ ಎಂಬುದನ್ನು ಹೆಸರು ಹಚ್ಚುವ ಮುನ್ನ ಒಮ್ಮೆ ನೋಡಿರೆಂದು ಮಾತ್ರ ಕೇಳಿಕೊಳ್ಳುತ್ತೇವೆ.

ಜಯದೇವಿತಾಯಿಯವರು ಕೊನೆಯ ವರ್ಷಗಳನ್ನು ಶರಣರ ನೆಲವಾದ ಬಸವಕಲ್ಯಾಣದಲ್ಲಿ ಕಳೆದು 1986ರ ಜುಲೈ ತಿಂಗಳಲ್ಲಿ ಅಲ್ಲಿಯೇ ಲಿಂಗೈಕ್ಯರಾದರು.

ಈ ಸಲದ ಸ್ನೇಹಸಮ್ಮೇಳನಕ್ಕೆ ಒಂಬತ್ತನೆಯ ಇಯತ್ತೆಯ ಮಕ್ಕಳು ತಮ್ಮ ತಮ್ಮ ಅಜ್ಜಿಯರಿಂದ ಐದೈದು ಬೀಸುವ ಪದಗಳನ್ನು ಕೇಳಿ ಬರೆದು ತರಬೇಕೆಂದು ಹೇಳಿದ್ದೆವು. ಐದು ಕೇಳಿದ್ದಕ್ಕೆ ಒಬ್ಬ ಹುಡುಗಿ ನಲವತ್ತೊಂದು ತಂದಿದ್ದಾಳೆ. ಅಜ್ಜಿ ನಿಲ್ಲಿಸಲೇ ಇಲ್ಲವಂತೆ.